ಕೈಯಲ್ಲಿ ಒಂದು

ಜೂನ್ ತಿಂಗಳು. ಲರ್ವಿಕ್‌ನಲ್ಲಿ ರಾತ್ರಿ ಹನ್ನೊಂದಾದರೂ
ದೀಪ ಹಚ್ಚದೆ ಓದಬಹುದು.
ಹಡಗು ತಂದ ಕಟ್ಟು ಬಿಚ್ಚಿ ಕೂತಿದ್ದೇನೆ:
ನೂರ ಎಂಬತ್ತು ಉತ್ತರಪತ್ರಿಕೆ, ಹೆಸರಿಲ್ಲ, ಬರೀ ಸಂಖ್ಯೆ.
ಕೆಂಪು ಪೆನ್ನು. ಆರಿದ ಚಹಾ.

ಹುಡುಗನೋ ಹುಡುಗಿಯೋ,
ಏಳಕ್ಕೆ ಅಡ್ಡಗೀಟು ಹಾಕುವ ಈ ಮಗು
ಐದನೆಯ ಪ್ರಶ್ನೆಯಲ್ಲಿ ಸೋಡಿಯಂ ಕಾರ್ಬೊನೇಟನ್ನು ತೂಗಿದೆ.
ಎರಡು ಸೋಡಿಯಂ ಇರುವಲ್ಲಿ ಒಂದನ್ನೇ ಎಣಿಸಿ
ನೂರ ಆರು ಆಗಬೇಕಾದ್ದು ಎಂಬತ್ತಮೂರಾಗಿದೆ.

ಅಲ್ಲಿಂದಾಚೆ ಒಂದು ಹೆಜ್ಜೆಯೂ ತಪ್ಪಿಲ್ಲ.
ಭಾಗಿಸಿದ್ದು ಸರಿ, ಎರಡರಿಂದ ಗುಣಿಸಿದ್ದು ಸರಿ,
ಇನ್ನೂರು ಮಿಲಿಲೀಟರ್ ಆಮ್ಲ ಸಾಕಾಗುವಲ್ಲಿ
ಇನ್ನೂರ ಐವತ್ತೈದು ಎಂದು ಬರೆದು
ಅಡಿಗೆ ಸ್ಕೇಲಿಟ್ಟು ಎರಡು ಗೆರೆ ಎಳೆದಿದೆ, ಪಾಪ.

ತಪ್ಪಿದ ಜಾಗದಲ್ಲಿ ಒಂದಂಕ ಕಳೆಯಬೇಕು, ಅಷ್ಟೆ.
ಮಿಕ್ಕದ್ದು ಹೊತ್ತು ತಂದ ತಪ್ಪು;
ನೆಟ್ಟಗೆ ನಡೆದಿದ್ದರೆ ನಡೆದದ್ದಕ್ಕೆ ಅಂಕವುಂಟು.
ಕೊಟ್ಟೆ. ಮೂರಕ್ಕೆ ಎರಡು.

ಅಪ್ಪ ಮೀನುಪೆಟ್ಟಿಗೆಗಳ ಲೆಕ್ಕ ಕೂಡಿಸುತ್ತ
'ಹದಿನೇಳಕ್ಕೆ ಏಳು, ಕೈಯಲ್ಲಿ ಒಂದು' ಎನ್ನುವನು.
ನಾನು ಅವನ ಅಂಗೈ ಬಿಡಿಸಿ ಹುಡುಕುವೆ.
ಹೆರಿಂಗ್ ಮೀನಿನ ಒಂದು ಹುರುಪೆ
ಮಿಣ್ಣಗೆ ಅಂಟಿರುತ್ತಿತ್ತು.

ಅಪ್ಪ ಹೋದ ವರ್ಷ ಅವನ ಬ್ಯಾಂಕ್ ಪುಸ್ತಕದಲ್ಲಿ
ಆರುನೂರು ಪೌಂಡ್ ಕಾಣೆಯಾಗಿತ್ತು.
ಅಣ್ಣ ಲೌರಿಯ ಲೆಕ್ಕಕ್ಕೆ ಬರೆದೆ.
ಅಲ್ಲಿಂದಾಚೆ ನನ್ನದೂ ಒಂದು ಹೆಜ್ಜೆ ತಪ್ಪಲಿಲ್ಲ:
ಮದುವೆಗೆ ಕರೆಯಲಿಲ್ಲ,
ಬಂದ ಕಾಗದ ಒಡೆಯದೆ ಹಿಂದಿರುಗಿಸಿದೆ,
ಬಂದರಿನಲ್ಲಿ ಎದುರಾದರೆ ಹಗ್ಗ ನೋಡಿದೆ.
ಹನ್ನೊಂದು ವರ್ಷ, ಏಕಮಾನ ಸಮೇತ.
ಆಮೇಲೊಂದು ದಿನ ಶೆಡ್ಡಿನ ಡಬ್ಬದಲ್ಲಿ ರಸೀದಿ ಸಿಕ್ಕಿತು,
ದೋಣಿಯ ಇಂಜಿನ್ನಿಗೆ ಅಪ್ಪನೇ ಕೊಟ್ಟದ್ದು.

ಹನ್ನೊಂದನೆಯ ಪ್ರಶ್ನೆಗೆ ಬಂದೆ. ಸೋಡಿಯಂ ಸಲ್ಫೇಟ್.
ಅದೇ ಮಗು, ಮತ್ತೆ ಒಂದೇ ಸೋಡಿಯಂ.
ನೂರ ನಲವತ್ತೆರಡರ ಜಾಗದಲ್ಲಿ ನೂರ ಹತ್ತೊಂಬತ್ತು.
ಒಂದೇ ತಪ್ಪಿಗೆ ಎರಡು ಸಲ ಹೊಡೆಯಬಹುದೇ?

ಇನ್ವರ್ನೆಸ್‌ಗೆ ಫೋನು ಹಚ್ಚಿದೆ. ಗಿಲ್‌ಕ್ರಿಸ್ಟ್ ಮಲಗಿರಲಿಲ್ಲ,
ಈ ತಿಂಗಳು ನಮ್ಮಲ್ಲಿ ಯಾರೂ ಮಲಗುವುದಿಲ್ಲ.
'ಒಂದು ಪ್ರಶ್ನೆಯ ಒಳಗಾದರೆ ಒಂದೇ ಸಲ, ಓಸ್ಲಾ.
ಹೊಸ ಪ್ರಶ್ನೆಗೆ ಹೊಸ ಖಾತೆ. ಕಳೆ.'
'ಅದೇ ತಪ್ಪು ಕಣಯ್ಯ.'
'ಅದಕ್ಕೇ.'

ಹೋದ ತಿಂಗಳು ಅಡುಗೆಮನೆಯ ಜಾಡಿಯಲ್ಲಿ
ಇಪ್ಪತ್ತು ಪೌಂಡ್ ಕಡಿಮೆ ಬಿತ್ತು.
ಮಗನ ಮುಖ ನೋಡಿದೆ. ಏನೂ ಕೇಳಲಿಲ್ಲ, ಬರೀ ನೋಡಿದೆ.
ಹಾಲಿನವನಿಗೆ ನಾನೇ ಕೊಟ್ಟು ಮರೆತಿದ್ದೆ.
ಆ್ಯಲಿ ಅಂದಿನಿಂದ ನನ್ನೆದುರು
ಜೇಬಿನಿಂದ ಕೈ ಹೊರಗಿಟ್ಟುಕೊಂಡೇ ಓಡಾಡುತ್ತಾನೆ.

ಕಳೆದೆ. ಪೆನ್ನು ಕಾಗದಕ್ಕೆ ಕಚ್ಚಿತು.

ಪುಟದ ಬುಡದಲ್ಲಿ ಆ ಮಗು ಪೆನ್ಸಿಲಿನಲ್ಲಿ ಬರೆದಿತ್ತು:
ಉತ್ತರ ಯಾಕೋ ಸರಿ ಕಾಣುತ್ತಿಲ್ಲ,
ಎಲ್ಲಿ ತಪ್ಪಿದೆನೋ ತಿಳಿಯದು, ಹೊತ್ತಿಲ್ಲ.
ಇದಕ್ಕೆ ಅಂಕ ಕೊಡಲು ಎಲ್ಲೂ ಅವಕಾಶವಿಲ್ಲ,
ಹನ್ನೆರಡು ಹಾಳೆ ಎರಡು ಸಲ ತಿರುವಿದೆ.

ಮೇಲೆ ಆ್ಯಲಿಯ ಕೋಣೆಯ ಹಲಗೆ ಕಿರುಗುಟ್ಟಿತು.
ಎದ್ದಿದ್ದಾನೆ. ನೂರ ಎಪ್ಪತ್ತೊಂಬತ್ತು ಉಳಿದಿವೆ.
ಪೆನ್ನಿಗೆ ಮುಚ್ಚಳ ಹಾಕಿ
ಮೆಟ್ಟಿಲ ಬುಡಕ್ಕೆ ಹೋಗಿ ನಿಂತೆ.