ಕತ್ತಿನ ಗೆರೆ

ಮೊದಲು ಕಲ್ಲಿಗೆ ಸ್ನಾನ.
ನಾರಿನ ಬ್ರಷ್ಷು, ನಾಲ್ಕು ಬಿಂದಿಗೆ ನೀರು.
ಎಣ್ಣೆಯ ಜಿಡ್ಡು, ಯಾರೋ ಮೆತ್ತಿದ ಸುಣ್ಣ,
ಪಂಚಾಯ್ತಿ ಎಲೆಕ್ಷನ್ನಿನ ಅರ್ಧ ಪೋಸ್ಟರು
ಎಲ್ಲ ಬಿಟ್ಟ ಮೇಲೆ ಕಾಣುತ್ತಾನೆ:
ಚಕ್ಕಂಬಕ್ಕಳ ಹಾಕಿ ಕೂತವನು,
ಬಾಗಿದ ಬಿದಿರಿಗೆ ಜುಟ್ಟು ಕಟ್ಟಿಸಿಕೊಂಡವನು,
ತನ್ನ ಕತ್ತಿಗೆ ತಾನೇ ಕತ್ತಿ ಹಿಡಿದವನು.

ಸಿಡಿತಲೆ, ಎಂದರು ಶೇಷಶಯನ ಸಾರ್.
ಏಟು ಬಿದ್ದೊಡನೆ ಬಿದಿರು ನೆಟ್ಟಗಾಗುತ್ತದೆ,
ತಲೆ ಮೇಲಕ್ಕೆ ಹಾರುತ್ತದೆ, ಊರಿಗೆಲ್ಲ ಕಾಣುವ ಹಾಗೆ.
ಇಂಥವು ಕೋಲಾರದ ಕಡೆ ಇನ್ನೂ ಇವೆ.
ಹೌದಾ ಸಾರ್, ಎಂದೆ.
ಇದು ನಾನು ಹುಟ್ಟಿದ ಊರು ಎಂದು ಹೇಳಿರಲಿಲ್ಲ.

ಆವಣಿ ಬೆಟ್ಟಕ್ಕೆ ಬೆನ್ನು ಮಾಡಿ, ಇದೇ ಹೊಂಗೆಯ ಬುಡದಲ್ಲಿ
ಅಪ್ಪ ಈ ಕಲ್ಲಿಗೇ ಕನ್ನಡಿ ಆನಿಸಿಡುತ್ತಿದ್ದ.
ಎದುರಿಗೆ ಕುಕ್ಕರಗಾಲಲ್ಲಿ ಒಬ್ಬೊಬ್ಬರೇ:
ಪಟೇಲರ ಚೆಂಗಲರಾಯಪ್ಪ, ಅವರ ಮೂವರು ಗಂಡುಮಕ್ಕಳು,
ಮಗ್ಗಿ ತಪ್ಪಿದರೆ ಗೆಣ್ಣಿಗೆ ಹೊಡೆಯುವ ಮೇಷ್ಟ್ರು.
'ತಲ ವಂಚು' ಎನ್ನುತ್ತಿದ್ದ ಅಪ್ಪ, ಮನೆಯ ತೆಲುಗಿನಲ್ಲಿ.
ತಗ್ಗುತ್ತಿತ್ತು ತಲೆ.
ಬೇರೆ ಯಾರ ಮಾತಿಗೂ ತಗ್ಗದ ತಲೆ.
ಎರಡು ಬೆರಳು ಗದ್ದದ ಕೆಳಗೆ,
ಹೊಡೆದುಕೊಳ್ಳುವ ನರದ ಮೇಲೆ ತೆಳ್ಳನೆಯ ಉಕ್ಕು.
ಕಣ್ಣು ಮುಚ್ಚಿ ನಿದ್ದೆ ಹೋಗುವವರೂ ಇದ್ದರು.
ಆಮೇಲೆ ಹಿತ್ತಿಲಲ್ಲಿ ನಿಂತು
ಅಪ್ಪ ಮುಟ್ಟಿದ್ದನ್ನೆಲ್ಲ ತೊಳೆದುಕೊಂಡು
ಒಳಗೆ ಹೋಗುತ್ತಿದ್ದರು.
ಸುಗ್ಗಿಯಲ್ಲಿ ತಲೆಗಿಷ್ಟು ರಾಗಿ,
ಮಗುವಿನ ತಲೆಗೆ ಅರ್ಧ.

ಒದ್ದೆ ಕಾಗದ ಹಾಸಿ ಬಡಿಯುತ್ತೇನೆ.
ಮೆತ್ತಗೆ, ಕತ್ತಿನ ಹತ್ತಿರ ಹರಿಯುತ್ತೆ, ಎನ್ನುತ್ತಾರೆ ಸಾರ್.
ಮಸಿಯ ಉಂಡೆ ಒತ್ತಿದಂತೆ
ಮೊದಲು ಮಂಡಿ, ಆಮೇಲೆ ಎದೆ, ಕತ್ತಿಯ ಹಿಡಿ,
ಬಿಲ್ಲಿನಂತೆ ಬಾಗಿದ ಬಿದಿರು.

ಅಕ್ಷರ ಮೂರೇ ಸಾಲು, ಮೊದಲನೆಯದು ಒಡೆದಿದೆ.
'… ನ ಮಗಂ ತಲೆಯಂ ಕೊಟ್ಟಂ.'
ಯಾರ ಮಗ?
ಅಲ್ಲಿ ಚಕ್ಕೆ ಎದ್ದುಹೋಗಿದೆ.
ಬದಲಿಗೆ ಬಂದದ್ದರ ಲೆಕ್ಕ ಮಾತ್ರ ಚೊಕ್ಕ:
ಮೂಡಣ ತೂಬಿನ ಕೆಳಗೆ ಎರಡು ಖಂಡುಗ ಮಣ್ಣು.
ತಲೆ ಮಾರಿದವನ ತಲೆಮಾರು
ಎಷ್ಟು ಕಾಲ ಉಂಡಿತೋ.
ಈಗ ಅಲ್ಲಿ ಟೊಮ್ಯಾಟೊ, ಗೂಟಕ್ಕೆ ಕಟ್ಟಿ ನಿಲ್ಲಿಸಿದ ಗಿಡ,
ಕ್ರೇಟು ಹೊತ್ತ ಟೆಂಪೋ ಮಂಡಿಯ ದಾರಿಯಲ್ಲಿ.

ಒಡೆಯ ಸತ್ತನೆಂದೋ, ಒಡೆಯ ಬದುಕಲೆಂದೋ
ಸ್ವಂತ ಇಷ್ಟದಿಂದ ಕೊಟ್ಟದ್ದು, ಎಂದರು ಸಾರ್.
ಇರಬಹುದು.
ಆದರೆ ಕೂತವನು ಬಿದಿರು ಬಗ್ಗಿಸಲಾರ.
ಅದನ್ನು ಎಳೆದು ಹಿಡಿದವರು ಎಷ್ಟು ಜನ?
ಜುಟ್ಟಿಗೆ ನೀರು ಹಚ್ಚಿ, ಬಾಚಿ, ಬಿಚ್ಚದ ಗಂಟು ಹಾಕಿದವನು
ನಮ್ಮವನೇ ಇರಬೇಕು,
ತಲೆಗಿಷ್ಟು ಎಂದು ಅವನಿಗೂ ಸಿಕ್ಕಿರಬೇಕು.
ಕಲ್ಲಿನಲ್ಲಿ ಅವರು ಯಾರೂ ಇಲ್ಲ.

'ನೋಡು, ಶಿಲ್ಪಿ ಏಟನ್ನೂ ಕಡೆದಿದ್ದಾನೆ!'
ಸಾರ್ ಕನ್ನಡಕ ಹಣೆಗೇರಿಸಿ ಬಗ್ಗಿದರು.
ಕಪ್ಪಾದ ಕಾಗದದಲ್ಲಿ ಕತ್ತಿನ ಸುತ್ತ
ಮಸಿ ಹತ್ತದ ಒಂದು ಬಿಳಿ ಗೆರೆ,
ಕಿರುಬೆರಳು ಇಳಿಯುವಷ್ಟು ಆಳ.
ಪುಸ್ತಕದಲ್ಲಿ ಬರೆದುಕೊಂಡರು: ಖಡ್ಗದ ಗುರುತು.

ರಾಗಿ ಕೊಯ್ಲಿನ ಬೆಳಗಿನ ಜಾವ
ಬಚ್ಚಕ್ಕ, ಸೊಣ್ಣಮ್ಮತ್ತೆ, ಕೂಲಿಗೆ ಹೊರಟ ಹೆಂಗಸರೆಲ್ಲ
ಕುಡುಗೋಲು ಮಸೆಯುತ್ತಿದ್ದದ್ದು ಇಲ್ಲೇ.
ಕುಕ್ಕರಿಸಿದವಳ ಕೈಗೆ
ಅವನ ಕತ್ತೇ ಸರಿಯಾದ ಎತ್ತರ.
ಚೊಂಬಿನಿಂದ ನೀರು ಬಿಡುತ್ತಿದ್ದವನು ನಾನು.
ಬೂದುಬಣ್ಣದ ರಸ ಅವನ ಎದೆಯ ಮೇಲಿಂದ ಇಳಿದು
ನನ್ನ ಕಾಲ್ಬೆರಳಿನ ಸಂದಿಗೆ ತಣ್ಣಗೆ ಬರುತ್ತಿತ್ತು.
ಅವರು ನಗುತ್ತಿದ್ದರು, ಯಾರದೋ ಮನೆಯ ಮಾತು.

ಹೇಳಬೇಕೆಂದುಕೊಂಡೆ.
ಸಾರ್ ಆಗಲೇ ಮುಂದಿನ ಹಾಳೆಗೆ ಹೋಗಿದ್ದರು.

ಕಾಗದ ಒಣಗಿತು.
'ಮೇಲಿಂದ ಬಿಡಿಸು, ಹುಷಾರು.'
ಮುಖ ಪೂರಾ ಸವೆದಿದೆ, ಕಣ್ಣಿದ್ದ ಕಡೆ ಎರಡು ತಗ್ಗು.
ನನ್ನ ಎರಡು ಬೆರಳು ತಾವಾಗಿಯೇ
ಗದ್ದದ ಕೆಳಗೆ ಹೋದವು.
ಬಾಯಿಂದ ಏನೋ ಬಂದಿರಬೇಕು.

ಸಾರ್ ಪುಸ್ತಕದಿಂದ ಮುಖ ಎತ್ತಿದರು:
'ನಿನಗೆ ತೆಲುಗು ಬರುತ್ತಾ?'