ಲಾಟರಿ ಮಾರುವ ಎಲಾದಿಯೊ ಹೇಳಿದ್ದು

(ಪೊಂತೆವೇದ್ರ, ಸ್ಪೇನ್)

ಕಾರುಗಳು ಹೋದ ದಿನ ಊರಿಗೆಲ್ಲ ಹಬ್ಬ.
ನನಗೆ ಮಾತ್ರ ದಿಕ್ಕು ತಪ್ಪಿತು.

ನಗಬೇಡ. ಕೂತುಕೋ. ಕಲ್ಲು ತಣ್ಣಗಿದೆ, ಪೇಪರು ಹಾಸಿಕೋ.
ಮೂವತ್ತು ವರ್ಷ ಇದೇ ಮೂಲೆಯಲ್ಲಿ ಚೀಟಿ ಮಾರಿದವನು,
ಎದೆ ಮೇಲೆ ನಂಬರುಗಳ ತೋರಣ,
ಕೈಯಲ್ಲಿ ಬಿಳಿ ಕೋಲು.
ಕಣ್ಣಿದ್ದವರಿಗೆ ಕಾರು ಅಡ್ಡಿ,
ನನಗೆ ಅದೇ ನಕ್ಷೆ.
ಬಸ್ಸು ಉಸ್ಸೆಂದು ನಿಂತರೆ ಅದು ಅಂಚೆ ಕಚೇರಿ.
ಮೊಣಕಾಲಿಗೆ ಬಿಸಿ ಹೊಗೆ ತಾಗಿತೋ, ಫುಟ್‌ಪಾತು ಮುಗಿಯಿತು.
ಲಾರಿ ಗೊಣಗುತ್ತಾ ಗೇರು ಬದಲಿಸಿದರೆ ಸೇತುವೆಯ ಏರು.
ಎಡಗಡೆ ಅಬ್ಬರ ಹರಿಯುತ್ತಿದ್ದರೆ
ನಾನು ನೆಟ್ಟಗೆ ನಡೆಯುತ್ತಿದ್ದೇನೆ ಎಂದರ್ಥ.
ಒಮ್ಮೆ ವ್ಯಾನೊಂದರ ಕನ್ನಡಿ ಭುಜದ ಮೂಳೆ ಮುರಿಯಿತು. ಆದರೂ
ಬೈಯುವ ಅಪ್ಪನ ಮನೆಯಲ್ಲಿ ಬೆಳೆದ ಹುಡುಗನಂತೆ
ಆ ಬೈಗುಳ ಹಿಡಿದೇ ಮನೆ ಸೇರುತ್ತಿದ್ದೆ.

ಆಮೇಲೆ ಒಂದು ಸೋಮವಾರ,
ಏನೂ ಇಲ್ಲ.
ಫುಟ್‌ಪಾತು ಕಿತ್ತು ಬೀದಿಯನ್ನೆಲ್ಲ ಸಮ ಮಾಡಿದ್ದರು, ತಟ್ಟೆಯ ಹಾಗೆ.
ತಟ್ಟೆಯ ನಡುವೆ ಬಿಟ್ಟ ಇರುವೆ ನಾನು.
ಪುರಸಭೆಗೆ ಹೋಗಿ ಮೇಜು ಕುಟ್ಟಿದೆ:
ನಿಮ್ಮ ಸುಡುಗಾಡು ಶಾಂತಿ ನಿಮಗೇ ಇರಲಿ,
ನನ್ನ ಬಸ್ಸು ನನಗೆ ಕೊಡಿ.

ಒಬ್ಬ ಹುಡುಗಿ ಎದ್ದು ಬಂದಳು. ಉಶಿಯ ಅಂತ, ಎಂಜಿನಿಯರು.
ವಾದಕ್ಕೆ ನಿಲ್ಲಲಿಲ್ಲ. ಶಾಲಿನಿಂದ ತನ್ನ ಕಣ್ಣು ಕಟ್ಟಿಕೊಂಡು
ಕರಕೊಂಡು ಹೋಗಿ, ಅಂದಳು.
ಕಾಫಿ ಅಂಗಡಿಯ ಮೂರು ಕುರ್ಚಿ ಉರುಳಿಸಿದಳು.
ಕಾರಂಜಿಯ ಅಂಚಿಗೆ ಮೊಣಕಾಲು ಬಡಿದುಕೊಂಡು
ಅತ್ತಳೋ ನಕ್ಕಳೋ, ನೀರಿನ ಸದ್ದಿನಲ್ಲಿ ತಿಳಿಯಲಿಲ್ಲ.
ಮುಂದಿನ ತಿಂಗಳು ಕಲ್ಲಿನಲ್ಲಿ ಗೀರು ಕೊರೆಸಿದರು,
ಕೋಲಿನ ತುದಿಗೆ ಸಿಗುವಷ್ಟು,
ಅಂಚೆ ಕಚೇರಿಯಿಂದ ಮೀನು ಮಾರುಕಟ್ಟೆಯವರೆಗೆ.

ಆ ಗೀರು ಹಿಡಿದು ಹೋಗುತ್ತಾ ಬರುತ್ತಾ
ಕಲಕಿದ ಬಾವಿ ತಿಳಿಯಾಗುವ ಹಾಗೆ
ಕಿವಿ ತಿಳಿಯಾಯಿತು.

ಮೊದಲು ಕೇಳಿಸಿದ್ದು ನನ್ನದೇ ಕೋಲು.
ಟಕ್ ಅಂದರೆ ಗೋಡೆ. ಟೊಕ್ ಅಂದರೆ ಬಾಗಿಲು ತೆರೆದಿದೆ.
ಕಮಾನುಗಳ ಕೆಳಗೆ ಅದೇ ಸದ್ದು
ಹಿಂದಿನಿಂದ ಬಂದು ಹೆಗಲು ಮುಟ್ಟುತ್ತದೆ.
ಈ ಬೀದಿ ಬಾಗಿದೆ ಎಂಬುದು
ಐವತ್ತೆಂಟು ತುಂಬಿದ ಮೇಲೆ ಗೊತ್ತಾಯಿತು.

ಆಮೇಲೆ ದೊಸಿಂದ, ಬೇಕರಿಯವಳು.
ಇಪ್ಪತ್ತು ವರ್ಷ ಅವಳ ಕೂಗು ಕೇಳಿದ್ದೆ
(ಆಗ ಎಲ್ಲರೂ ಕೂಗಲೇಬೇಕಿತ್ತು),
ಹೆಜ್ಜೆ ಕೇಳಿರಲಿಲ್ಲ.
ಒಂದು ಗಟ್ಟಿ, ಒಂದು ಎಳೆತ. ಒಂದು ಗಟ್ಟಿ, ಒಂದು ಎಳೆತ.
ಎಂದಿನಿಂದ ಈ ಕಾಲು? ಅಂದೆ.
ಹುಟ್ಟಿದಾಗಿನಿಂದ, ಅಂದಳು.
ಇಪ್ಪತ್ತು ವರ್ಷ ಅವಳಿಗೆ ಕೂಗಿ ಹೇಳಿದ್ದೆ ನಾನು:
ಓಡಿ ಬಾರೇ ದೊಸಿಂದ, ಇವತ್ತು ನಿನ್ನದೇ ನಂಬರು!

ಎಂಟೂವರೆಗೆ ಮಕ್ಕಳು ಶಾಲೆಗೆ ಹೋಗುತ್ತವೆ,
ಜೊತೆಗೆ ದೊಡ್ಡವರಿಲ್ಲ, ಚೆಂಡಿದೆ.
ನನ್ನ ಕಾಲಿಗೆ ಬಂದರೆ ಒದ್ದು ಕಳಿಸುತ್ತೇನೆ,
ಮೂರರಲ್ಲಿ ಎರಡು ಸಲ ಸರಿಯಾದ ಕಡೆಗೆ.
ಕೆಮ್ಮಿನ ಸಿರಪ್ಪು ಖರ್ಚಾಗುತ್ತಿಲ್ಲ ಎಂದು
ಔಷಧಿ ಅಂಗಡಿಯವನಿಗೆ ಬೇಜಾರು.
ನನ್ನ ವ್ಯಾಪಾರ ಪರವಾಗಿಲ್ಲ. ಜನ ನಿಲ್ಲುತ್ತಾರೆ,
ಮಗಳ ಮದುವೆ, ಮಾವನ ಹರ್ನಿಯ, ಎಲ್ಲ ಹೇಳಿ
ಕೊನೆಗೆ ಸಂಕೋಚಕ್ಕೊಂದು ಚೀಟಿ ಕೊಳ್ಳುತ್ತಾರೆ.
ದೊಡ್ಡ ಬಹುಮಾನ ಈ ಮೂಲೆಗೆ ಇನ್ನೂ ಬಂದಿಲ್ಲ.

ಎಲ್ಲ ಸರಿಯಾಯಿತೆಂದು ಸುಳ್ಳು ಹೇಳಲಾರೆ.
ಸೈಕಲ್ಲುಗಳು ಬೆಕ್ಕಿನ ಜಾತಿ, ಮೈಮೇಲೆ ಬಂದಮೇಲೇ ಗೊತ್ತಾಗುವುದು.
ಮೀನು ಹೊರುವ ಬ್ರಾಯ್ಸ್ ಎರಡು ಸಲ ಕೋಲು ಸವರಿಕೊಂಡು ಹೋದ.
ಹಿಡಿದು ನಿಲ್ಲಿಸಿ ಹೇಳಿದೆ:
ಮಾರಾಯ, ಚೈನಿಗೆ ಎಣ್ಣೆ ಹಾಕಬೇಡ.
ಪಾಪ, ಹಾಕುವುದಿಲ್ಲ.
ಏರಿನಲ್ಲಿ ತುಳಿಯಲು ಪಡಬಾರದ ಪಾಡು ಪಡುತ್ತಾನೆ.

ಕೇಳು, ಕಿರ್‍ರ್… ಕಿರ್‍ರ್…
ಬಂದ. ಕಾಲು ಒಳಗೆ ತಗೋ.
ಇವತ್ತು ಬುಟ್ಟಿ ಭಾರ ಇದೆ.