ಕುರ್ಚಿಯ ಕಾಲು

ವಾಲ್ಪರೈಸೊದಲ್ಲಿ ನೆಲ ಅನ್ನುವುದೇ ಇಲ್ಲ,
ಇರುವುದೆಲ್ಲ ಮೆಟ್ಟಿಲು.
ಬಂದರಿನಿಂದ ನಮ್ಮ ಬಾಗಿಲಿಗೆ ನೂರ ಅರವತ್ತೆರಡು.
ಎಣಿಸಿದ್ದು ನಾನಲ್ಲ, ನನ್ನ ಮೊಣಕಾಲು.

ಇಂಥ ಊರಲ್ಲಿ ಮಾರುದ್ದ ಬೆನ್ನು, ಗೇಣುಕಾಲಿನ ನಾಯಿ ಯಾಕೆ
ಅಂದವಳು ಒರ್ತೆನ್ಸಿಯಾ.
ಹೆಸರಿಟ್ಟವಳೂ ಅವಳೇ: ಪೊರೊತೊ,
ನಮ್ಮ ಕಡೆ ಅವರೆಕಾಳಿಗೆ ಹಾಗನ್ನುತ್ತಾರೆ.

ಜೂನ್ ತಿಂಗಳ ಚಳಿ. ಉತ್ತರದ ಗಾಳಿ ತಗಡು ಬಡಿಯುತ್ತಿತ್ತು.
ಕಿಟಕಿ ಪಕ್ಕದ ನನ್ನ ಕುರ್ಚಿಯಿಂದ ಹಾರಿದ. ಕೂಗಿದ, ಒಂದೇ ಸಲ.
ಆಮೇಲೆ ಮುಂಗಾಲೆರಡು ನನ್ನ ಕಡೆ ಬಂದವು,
ಹಿಂದಿನವು ಬರಲಿಲ್ಲ,
ಒದ್ದೆ ಬಟ್ಟೆಯಂತೆ ನೆಲ ಒರೆಸುತ್ತ ಎಳೆದುಕೊಂಡು ಬಂದವು.

ಡಾಕ್ಟರು ಮಾಕರೆನಾ ಹಿಂಗಾಲ ಬೆರಳನ್ನು ಇಕ್ಕಳದಲ್ಲಿ ಹಿಂಡಿದಳು.
ಪೊರೊತೊ ತಿರುಗಿ ನೋಡಿದ,
ಬಾಗಿಲು ತಟ್ಟಿದ್ದು ಯಾರು ಎಂದು ಕೇಳುವವನ ಹಾಗೆ.
"ನೋವು ಮೇಲೆ ತಲುಪುತ್ತಿದೆ," ಅಂದಳು, "ಒಳ್ಳೆಯದು."
ಕೊಯ್ಯುವುದಾದರೆ ಎಷ್ಟೆಂದು ಚೀಟಿಯಲ್ಲಿ ಬರೆದಳು.
ಏಳು ತಿಂಗಳ ಪಿಂಚಣಿ.
ಕೊಯ್ಯದಿದ್ದರೆ?
"ಆರು ವಾರ ಪೆಟ್ಟಿಗೆ. ಹೊರಳಲು ಜಾಗ, ನಡೆಯಲು ಅಲ್ಲ.
ಈ ಬೆರಳು ಸುಮ್ಮನಾದರೆ, ನಡುರಾತ್ರಿಯಾದರೂ ಬನ್ನಿ."

ಮೂವತ್ತೊಂದು ವರ್ಷ ಬಂದರಿನ ಕ್ರೇನು ನಡೆಸಿದವನು ನಾನು.
ಹಡಗಿನ ಹೊಟ್ಟೆಯಿಂದ ಇಪ್ಪತ್ತು ಟನ್ನನ್ನು
ಮೊಟ್ಟೆಯಂತೆ ಎತ್ತಿ ಇಳಿಸಿದ ಕೈ.
ಒಂಬತ್ತು ಕಿಲೊ ಎತ್ತುವುದನ್ನು ಮೊದಲಿನಿಂದ ಕಲಿತೆ:
ಒಂದು ಕೈ ಎದೆಯ ಅಡಿ, ಒಂದು ತೊಡೆಯ ಅಡಿ,
ಬೆನ್ನು ತುಂಬಿದ ತಟ್ಟೆಯಂತೆ ಮಟ್ಟ, ತುಳುಕಬಾರದು.

ಸೇಬಿನ ಡಬ್ಬಗಳ ಹಲಗೆ ಕಿತ್ತು ಪೆಟ್ಟಿಗೆ ಮಾಡಿದೆ,
ಅಡುಗೆಮನೆಯಲ್ಲಿ, ಒಲೆಯ ಬಿಸಿ ತಾಗುವಲ್ಲಿ.
ನಾಯಿ ಬೇಡವೆಂದವಳು ಚಾಪೆ ಹಾಸಿ ಅದರ ಪಕ್ಕವೇ ಮಲಗಿದಳು.
ಬೆಳಗ್ಗೆ ಎದ್ದು ನೋಡಿದರೆ
ಹಲಗೆಯ ಸಂದಿಯೊಳಗೆ ಅವಳ ಎರಡು ಬೆರಳು.

ಉಚ್ಚೆಯ ಚೀಲ ನಾವೇ ಹಿಂಡಬೇಕಿತ್ತು, ದಿನಕ್ಕೆ ಮೂರು ಸಲ.
ಹೊಟ್ಟೆಯೊಳಗೆ ಎಲ್ಲೋ ಒಂದು ನಿಂಬೆಹಣ್ಣು, ಹಿಡಿದರೆ ಜಾರುತ್ತಿತ್ತು.
ಮೊದಲ ಸಲ ನನ್ನ ಕೈಗೆ ಧಾರೆ ಬಂದಾಗ
ಅವಳು ಚಪ್ಪಾಳೆ ತಟ್ಟಿದಳು.
ಮದುವೆಯಾದ ಮೇಲೆ ನನಗೆ ಸಿಕ್ಕ ಮೊದಲ ಚಪ್ಪಾಳೆ.

"ಗುಂಡಿ ತೋಡು, ಎವರಿಸ್ತೊ," ಅಂದ ಪಕ್ಕದ ಮನೆಯ ಲಿಯೊಕಾದಿಯೊ,
"ಮೂಕ ಪ್ರಾಣಿಗೆ ಯಾಕೆ ಸೆರೆಮನೆ?"
ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ.
ಅದಕ್ಕೇ ಆ ರಾತ್ರಿ ನಿದ್ದೆ ಬರಲಿಲ್ಲ.

ಹತ್ತೊಂಬತ್ತನೆಯ ದಿನ ಗ್ಯಾಸಿನವನು ಬಂದ,
ಸಿಲಿಂಡರಿಗೆ ಕಬ್ಬಿಣ ಬಡಿಯುತ್ತ, ಎಂದಿನಂತೆ.
ಎಂದಿನಂತೆ ಪೊರೊತೊ ಬೊಗಳಿದ.
ಬೊಗಳಿನ ನಡುವೆ ಇನ್ನೊಂದು ಸದ್ದು.
ಒರ್ತೆನ್ಸಿಯಾ ಒಲೆ ಆರಿಸಿದಳು, ಕೇಳಿಸಲೆಂದು.
ಟಕ್.
ಹಲಗೆಗೆ ಬಾಲ.
ಟಕ್.

ಕಷ್ಟ ಶುರುವಾದದ್ದು ಆಮೇಲೆ.
ಕಾಲಿಗೆ ಜೀವ ಬಂದವನಿಗೆ ಪೆಟ್ಟಿಗೆ ಯಾಕೆಂದು ಹೇಗೆ ತಿಳಿಸಲಿ?
ಇಪ್ಪತ್ಮೂರು ದಿನ ಇನ್ನೂ ಇತ್ತು.
ಹಲಗೆ ಕೆರೆದ, ಅತ್ತ, ನನ್ನತ್ತ ಬೆನ್ನು ಹಾಕಿ ಮಲಗಿದ.
ಎರಡು ಸಲ ಚಿಲಕಕ್ಕೆ ಕೈ ಹೋಗಿತ್ತು.
ಒಂದು ಸಲ ತೆಗೆದೇಬಿಟ್ಟಿದ್ದೆ. ಅವಳಿಗೆ ಹೇಳಿಲ್ಲ.

ಕೊನೆಗೆ ಹೊಟ್ಟೆಯಡಿ ಟವೆಲು ಹಾಕಿ ಎತ್ತಿ ಹಿಡಿದು
ಐದೈದು ನಿಮಿಷ ನಡೆಸಿದೆವು.
ಸಂಬಳದ ದಿನದ ನಾವಿಕನ ನಡೆ.
ಪಾದ ಮಗುಚಿ ಬೀಳುತ್ತಿತ್ತು, ತಿರುಗಿಸಿ ಇಡುತ್ತಿದ್ದೆ,
ಮತ್ತೆ ಮಗುಚುತ್ತಿತ್ತು.

ಈಗ ಸೆಪ್ಟೆಂಬರು. ನಡೆಯುತ್ತಾನೆ.
ಎಡಗಾಲು ಬಲಗಾಲಿನ ದಾರಿಗೆ ಅಡ್ಡ ಬರುತ್ತದೆ, ಇರಲಿ.
ಮೆಟ್ಟಿಲು ಮಾತ್ರ ಇನ್ನು ಅವನದಲ್ಲ.
ಹಿಟ್ಟಿನ ಚೀಲ ಹೊಲಿದು ಎದೆಗೆ ಕಟ್ಟಿಕೊಂಡು ಹತ್ತುತ್ತೇನೆ,
ತೊಂಬತ್ತರಲ್ಲಿ ನಿಲ್ಲುತ್ತೇನೆ.
ಏದುಸಿರು ನನ್ನದು, ನಾಲಿಗೆ ಚಾಚುವವನು ಅವನು.
ಸೊಂಟ ನೋಯುತ್ತದೆ ಅಂದರೆ ಅವಳು,
"ಮನೆಯಲ್ಲಿ ಒಬ್ಬರಿಗಾದರೂ ನೋಯಬೇಡವೇ?"

ಕುರ್ಚಿಯ ನಾಲ್ಕು ಕಾಲನ್ನೂ ಗೇಣುದ್ದಕ್ಕೆ ಕೊಯ್ದೆ.
ಕೂತರೆ ಮೊಣಕಾಲು ಕಿವಿಗೆ ಬರುತ್ತದೆ,
ಕಿಟಕಿಯಲ್ಲಿ ಕಡಲಿಲ್ಲ, ಬರೀ ಆಕಾಶ.
ಕೆಳಗೆಲ್ಲೋ ಹಡಗು ಕೂಗುತ್ತದೆ.
ಪೊರೊತೊ ಕಿವಿ ಎತ್ತುತ್ತಾನೆ.
ಯಾವ ಹಡಗು ಎಂದು ನಾನು ಊಹಿಸುತ್ತೇನೆ.